ಈಜುಟೋಪಿ, ಹೊಳೆ ಮತ್ತು ನೀಲಾ

ನಮ್ಮ ಮನೆಯ ಹಿತ್ತಿಲ ತಂತಿಯ ಮೇಲೆ ಕೆಲವು ತಿಂಗಳಿಂದ ಒಂದು ಹಳದಿ ಟೋಪಿ ಒಣಗುತ್ತಿರುತ್ತದೆ. ರಬ್ಬರಿನಂಥ ಮೈ, ಮುಟ್ಟಿದರೆ ಜಾರುತ್ತದೆ, ಕ್ಲಿಪ್ಪು ಹಾಕಿದರೂ ಗಾಳಿಗೆ ಹಾರಿ ಕರಿಬೇವಿನ ಗಿಡದ ಬುಡಕ್ಕೆ ಬೀಳುತ್ತದೆ. ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಬೀದಿಯಲ್ಲಿ ತಂತಿಯ ಮೇಲಿನ ಬಟ್ಟೆ ನೋಡಿಯೇ ಮನೆಯ ಸಮಾಚಾರ ಹೇಳುವವರಿದ್ದಾರೆ. ಬಾಣಂತಿ ಬಂದಳೋ, ನೆಂಟರು ಹೋದರೋ, ಮಗಳಿಗೆ ಕೆಲಸ ಸಿಕ್ಕಿತೋ ಎಲ್ಲ ಅವರಿಗೆ ಗೊತ್ತಾಗುತ್ತದೆ. ಈ ಟೋಪಿ ಮಾತ್ರ ಯಾರಿಗೂ ಬಗೆಹರಿಯಲಿಲ್ಲ. ಕೊನೆಗೆ ಪಕ್ಕದ ಮನೆಯ ಪಾರ್ವತಕ್ಕನೇ ಕಾಂಪೌಂಡಿನ ಮೇಲೆ ಗದ್ದ ಊರಿ ಕೇಳಿಬಿಟ್ಟರು.

"ಇದೇನ್ರೀ ಟೀಚರ್, ಫ್ರಿಜ್ಜಿನಾಗೆ ಪಾತ್ರೆಗೆ ಮುಚ್ಚತಾರಲ್ಲ, ಅದಾ? ಭಾಳ ದೊಡ್ಡದೈತೆ. ಎಲ್ಲಿ ತಗಂಡ್ರಿ?"

"ಅಲ್ಲ ಪಾರ್ವತಕ್ಕ, ಇದು ತಲೆಗೆ ಹಾಕ್ಕೊಳ್ಳೋದು. ಈಜೋಕೆ."

"ಯಾರು ಈಜತಾರೆ?"

"ನಾನೇ."

ಅವರು ನನ್ನನ್ನು ಮೇಲಿನಿಂದ ಕೆಳಗೆ ಒಂದು ಸಲ, ಕೆಳಗಿನಿಂದ ಮೇಲೆ ಒಂದು ಸಲ ನೋಡಿದರು. ಆಮೇಲೆ ಧ್ವನಿ ತಗ್ಗಿಸಿ, ನಿಜವಾದ ಕಳಕಳಿಯಿಂದ, "ಯಾಕ್ರೀ, ಮೈಯಾಗೆ ಹುಷಾರಿಲ್ವಾ? ಡಾಕ್ಟ್ರು ಹೇಳಿದಾರಾ?" ಎಂದರು.

ಐವತ್ತು ದಾಟಿದ ಹೆಂಗಸು ತನಗೋಸ್ಕರ ಏನಾದರೂ ಮಾಡಿದರೆ ಅದಕ್ಕೆ ಡಾಕ್ಟರ ಚೀಟಿ ಇರಲೇಬೇಕು ಎನ್ನುವುದು ನಮ್ಮ ಬೀದಿಯ ಅಲಿಖಿತ ಕಾನೂನು. ನಾನೂ ಆ ಕಾನೂನಿನವಳೇ. "ಹೂಂ, ಮಂಡಿನೋವು" ಎಂದು ಹೇಳಿ ಒಳಗೆ ಬಂದೆ. ಮಂಡಿ ನನಗೆ ಚೆನ್ನಾಗಿಯೇ ಇದೆ. ಶಾಲೆಯಲ್ಲಿ ಕೇಳಿದವರಿಗೆ ನಾನು ಹೇಳಿದ್ದು ಇನ್ನೊಂದು ಕಾರಣ, ನಮ್ಮವರಿಗೆ ಹೇಳಿದ್ದು ಮತ್ತೊಂದು. ನಿಮಗೆ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ, ಆದರೆ ಅದಕ್ಕೆ ಸ್ವಲ್ಪ ಸುತ್ತಿ ಬಳಸಿ ಬರಬೇಕು.

ನನ್ನದು ಮೊದಲಿನಿಂದಲೂ ಲೋಕದ ಚಿಂತೆಯ ಜಾತಕ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಭೂಪಟ ತೂಗುಹಾಕಿ ತೂಗುಹಾಕಿ, ಯಾವ ದೇಶದಲ್ಲಿ ಏನಾದರೂ ನಮ್ಮ ಅಡುಗೆಮನೆಯಲ್ಲೇ ಆದ ಹಾಗೆ ಅನ್ನಿಸುತ್ತದೆ. ಬೆಳಿಗ್ಗೆ ಪೇಪರಿನಲ್ಲಿ ಧ್ರುವಪ್ರದೇಶದ ಹಿಮ ಕರಗುತ್ತಿರುವ ಸುದ್ದಿ ಓದಿದೆನೆಂದರೆ ಎದ್ದು ಹೋಗಿ ನಡುಮನೆಯ ಫ್ಯಾನು ಆರಿಸುತ್ತೇನೆ. ಅದರ ಕೆಳಗೆ ನಮ್ಮವರು ಬನಿಯನ್ನಿನಲ್ಲಿ ಕೂತಿರುತ್ತಾರೆ. "ಅಲ್ಲಿ ಹಿಮ ಕರಗಿದ್ರೆ ಇಲ್ಲಿ ನಾನ್ಯಾಕ ಬೆವರ್ಬೇಕು?" ಎನ್ನುತ್ತಾರೆ. ದಾವಣಗೆರೆಯ ಏಪ್ರಿಲ್ ತಿಂಗಳನ್ನು ಬಲ್ಲವರಿಗೆ ಅವರ ಸಂಕಟ ಅರ್ಥವಾದೀತು. ಮಂಡಕ್ಕಿ ಮಿರ್ಚಿ ತರಲು ಹೊರಟರೆ ಅವರ ಕೈಗೆ ಸ್ಟೀಲಿನ ಡಬ್ಬಿ ಕೊಡುತ್ತೇನೆ, ಪ್ಲಾಸ್ಟಿಕ್ ಕವರು ಮನೆಗೆ ಬರಬಾರದೆಂದು. ಡಬ್ಬಿಯೊಳಗೆ ಉಗಿ ಹಿಡಿದು ಮಿರ್ಚಿ ಮೆತ್ತಗಾಗುತ್ತದೆ. ಪಾಪ, ಅದನ್ನೂ ಅವರು ಮಾತಾಡದೆ ತಿನ್ನುತ್ತಾರೆ.

ಈ ಚಿಂತೆಗೆ ಒಂದು ಮೈ ಕೈ ಬಂದದ್ದು ನೀಲಾಳಿಂದ. ನೀಲಾ ನನ್ನ ಬಾಲ್ಯದ ಗೆಳತಿ, ಹರಿಹರದವಳು. ನನ್ನ ತವರೂ ಹರಿಹರವೇ, ದೇವಸ್ಥಾನದ ಹಿಂದಿನ ಓಣಿ. ಈಗ ಅವಳೂ ದಾವಣಗೆರೆಯಲ್ಲೇ ಇದ್ದಾಳೆ, ದೇವರಾಜ ಅರಸು ಬಡಾವಣೆಯಲ್ಲಿ. ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ. ಆದರೆ ಅವಳ ಜೀವವೆಲ್ಲ ತುಂಗಭದ್ರೆಯ ದಂಡೆಯಲ್ಲೇ ಇದೆ.

ನಾವು ಸಣ್ಣವರಿದ್ದಾಗ ಹೊಳೆಗೆ ಹೋಗುವುದೆಂದರೆ ಅರ್ಧ ದಿನದ ಕೆಲಸ. ಅವ್ವ ಬಟ್ಟೆಗಂಟು ಹೊತ್ತು ಮುಂದೆ, ತಮ್ಮ ಮಂಜ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಅವಳ ಹಿಂದೆ, ಸೋಪಿನ ಡಬ್ಬಿ ಹಿಡಿದು ನಾನು ಕೊನೆಗೆ. ಬೆಂಡು ಎಂದರೆ ನೀರಿನಲ್ಲಿ ತೇಲುವ ಹಗುರ ಕಟ್ಟಿಗೆಯ ತುಂಡುಗಳು, ಈಜು ಕಲಿಯುವ ಹುಡುಗರ ಸೊಂಟಕ್ಕೆ ಕಟ್ಟುತ್ತಿದ್ದರು. ಮಂಜ ಕಪ್ಪೆಯಂತೆ ಕಾಲು ಬಡಿಯುತ್ತ ಹೋಗುತ್ತಿದ್ದರೆ ನನಗೆ ಹೊಟ್ಟೆಯೊಳಗೆ ಉರಿ. "ಅವ್ವ, ನನಗೂ ಬೆಂಡು ಕಟ್ಟೇ" ಎಂದರೆ, "ಹೆಣ್ಮಕ್ಕಳಿಗೆ ಯಾಕ ಈಜು? ಅಲ್ಲಿ ಕುಂತು ಬಟ್ಟಿ ಕಾಯಿ" ಎನ್ನುತ್ತಿದ್ದಳು. ನೀಲಾಳ ಅವ್ವನದೂ ಅದೇ ಮಾತು. ಹಾಗಾಗಿ ಮೆಟ್ಟಿಲ ಮೇಲೆ ಇಬ್ಬರೂ ಅಕ್ಕಪಕ್ಕ ಕೂತು ಈಜುವವರ ಬಟ್ಟೆ ಕಾಯುತ್ತಿದ್ದೆವು. ಒಮ್ಮೆ ಹುಡುಗರು ಬಂಡೆಯ ಮೇಲಿನಿಂದ ಹಾರುವುದನ್ನು ಬಾಯಿ ತೆರೆದು ನೋಡುತ್ತಿದ್ದಾಗ ಹಸುವೊಂದು ಬಂದು ಮಂಜನ ಅಂಗಿಯ ಒಂದು ತೋಳನ್ನು ಪೂರ್ತಿ ಜಗಿದು ಹಾಕಿತು. ಬೈಸಿಕೊಂಡವರು ನಾವು. ಹಸುವಿಗೆ ಯಾರೂ ಏನೂ ಅನ್ನಲಿಲ್ಲ.

ಈಗಲೂ ಹರಿಹರದ ಹೊಳೆಯಲ್ಲಿ ನಮ್ಮಿಬ್ಬರದು ಬಟ್ಟೆಯ ಕೆಲಸವೇ. ನಮ್ಮ ಕಡೆ ಒಂದು ಪದ್ಧತಿ ಇದೆ. ಅಮಾವಾಸ್ಯೆಗೆ ಬಂದವರು, ಗ್ರಹದೋಷ ಕಳೆದುಕೊಳ್ಳಲು ಬಂದವರು, ತೀರಿಕೊಂಡವರ ಕರ್ಮ ಮುಗಿಸಿ ಬಂದವರು ಹೊಳೆಯಲ್ಲಿ ಮುಳುಗೆದ್ದು ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಹಿಂದೆ ಅದು ಹತ್ತಿಯ ಪಂಚೆ, ನೂಲಿನ ಸೀರೆ. ನಾಲ್ಕು ದಿನಕ್ಕೆ ಕೊಳೆತು ಮಣ್ಣಾಗುತ್ತಿತ್ತು. ಈಗಿನ ಪಾಲಿಯೆಸ್ಟರ್ ಸೀರೆ ನಾವೆಲ್ಲ ಸತ್ತ ಮೇಲೂ ಕಲ್ಲಿಗೆ ಸುತ್ತಿಕೊಂಡು ಹಾಗೇ ಇರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೊಳೆಯ ಬಂಡೆಗಳೆಲ್ಲ ಸೀರೆ ಉಟ್ಟು ಕೂತಿರುತ್ತವೆ. ನೀಲಾ ಅದನ್ನು ನೋಡಿ ಸುಮ್ಮನಿರಲಾರದೆ ಭಾನುವಾರ ಭಾನುವಾರ ಹೋಗಿ ಎಳೆದು ತೆಗೆಯಲು ಶುರುಮಾಡಿದಳು. ಆಮೇಲೆ ನಾನು ಸೇರಿಕೊಂಡೆ, ನಂತರ ಇನ್ನೂ ಕೆಲವರು ಬಂದರು. ಹೊಳೆಯಿಂದ ನೆಟ್ಟಗೆ ತವರಿಗೆ ಹೋದರೆ ಅವ್ವ ಬಾಗಿಲಲ್ಲೇ ತಡೆಯುತ್ತಿದ್ದಳು. "ಊರಿನ ಶನಿ ಎಲ್ಲಾ ಗುಡ್ಡೆ ಹಾಕಿ ಬಂದೀಯ. ಹಿತ್ಲಾಗೆ ತಲೆ ಮ್ಯಾಲೆ ನೀರು ಹಾಕ್ಕಂಡು ಒಳಗೆ ಬಾ!" ತೆಗೆದ ಬಟ್ಟೆಗಳಲ್ಲಿ ಕೆಲವು ಹೊಚ್ಚ ಹೊಸವು. ಒಗೆದು ಯಾರಿಗಾದರೂ ಕೊಡೋಣವೆಂದರೆ ಬೇರೆಯವರ ದೋಷ ಉಡಲು ಯಾರೂ ತಯಾರಿಲ್ಲ. ಕೊನೆಗೆ ಗ್ಯಾರೇಜಿನವರು ಕೈ ಒರೆಸಲು ಒಯ್ದರು. ಗ್ರೀಸಿಗೆ ಯಾವ ಗ್ರಹದ ಭಯವೂ ಇಲ್ಲ.

ಬಿಡುವವರನ್ನು ಬೈಯುವುದು ಸುಲಭ. ಮೊದಮೊದಲು ನಾನೂ ಕ್ಲಾಸಿನಲ್ಲಿ ನಿಂತ ಹಾಗೆ ಭಾಷಣ ಮಾಡುತ್ತಿದ್ದೆ. ಒಂದು ಭಾನುವಾರ ಕುಕ್ಕುವಾಡದಿಂದ ಗಂಡನ ಕರ್ಮ ಮುಗಿಸಿದ ಹೆಣ್ಣುಮಗಳೊಬ್ಬಳು ಬಂದಿದ್ದಳು. ಒದ್ದೆ ಸೀರೆ ಬದಲಿಸಿ, ಅದನ್ನು ಮುದ್ದೆ ಮಾಡಿ ಎದೆಗೆ ಹಿಡಿದು ನಿಂತಿದ್ದಳು. ನಾನು ನೀರಿನ ಮಾಲಿನ್ಯದ ಪಾಠ ಮುಗಿಸುವ ತನಕ ಸುಮ್ಮನೆ ಕೇಳಿಸಿಕೊಂಡು, "ಮನಿಗೆ ಒಯ್ಯಾಂಗಿಲ್ರೀ ಅಕ್ಕಾರೆ. ಎಲ್ಲಿ ಬಿಡ್ಲಿ ನೀವೇ ಹೇಳ್ರಿ" ಎಂದಳು. ನೀಲಾ ಒಂದು ಬಿದಿರಿನ ಬುಟ್ಟಿ ತಂದು ಮುಂದಿಟ್ಟಳು. "ಹೊಳ್ಯಾಗ ಮೂರು ಸಲ ಅದ್ದಿ ಇದರಾಗೆ ಹಾಕವ್ವ. ಹೊಳೆಗೆ ಕೊಟ್ಟಂಗೇ ಅದು." ಆಕೆ ಮೂರು ಸಲ ಅದ್ದಿದಳು, ಬುಟ್ಟಿಯ ಮುಂದೆ ಬಂದು ಮತ್ತೆ ನಿಂತಳು. "ಬುಟ್ಟಿ ನೀರಿಗೆ ತಾಗಂಗೆ ಇಡ್ರಿ. ಅಷ್ಟಾದ್ರೆ ಸಾಕು" ಎಂದಳು. ಅಂದಿನಿಂದ ನಮ್ಮ ಬುಟ್ಟಿಯ ತಳ ಯಾವಾಗಲೂ ನೀರಿನಲ್ಲೇ ಇರುತ್ತದೆ. ಆಮೇಲೆ ನಾನು ಭಾಷಣ ಮಾಡಿದ್ದಿಲ್ಲ.

ಇಷ್ಟು ವರ್ಷ ಹೊಳೆಯಲ್ಲಿ ನಿಂತಿದ್ದರೂ ನಮಗಿಬ್ಬರಿಗೂ ಈಜು ಬರುತ್ತಿರಲಿಲ್ಲ ಎನ್ನುವುದು ನಮಗೆ ಎಂದೂ ವಿಚಿತ್ರವಾಗಿ ಕಂಡಿರಲಿಲ್ಲ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ಬಂಡೆಗೆ ಸುತ್ತಿಕೊಂಡಿದ್ದ ಬಟ್ಟೆ ಎಳೆಯುತ್ತಿದ್ದೆ. ಅದು ಒಮ್ಮೆಲೇ ಬಿಟ್ಟುಕೊಂಡಿತು, ನಾನು ಹಿಂದಕ್ಕೆ ಹೋದೆ, ಕಾಲಿಗೆ ನೆಲ ಸಿಗಲಿಲ್ಲ. ಮುಳುಗುವವರು ಕಿರುಚುತ್ತಾರೆಂದು ತಿಳಿದಿದ್ದೆ. ಸುಳ್ಳು, ಕಿರುಚಲು ಬಾಯಿಗೆ ಪುರುಸೊತ್ತೇ ಇರುವುದಿಲ್ಲ. ಮೇಲೆ ಬಂದಾಗ ಒಮ್ಮೆ ನೀಲಾಳ ಮುಖ ಕಂಡಿತು, ಮತ್ತೊಮ್ಮೆ ಬರೀ ಬೆಳಕು ಕಂಡಿತು. ಆಗ ಅವಳು ಬುಟ್ಟಿಯಲ್ಲಿದ್ದ ಒಂದು ಸೀರೆ ಎತ್ತಿ ಬೀಸಿ ಎಸೆದಳು. ತುದಿ ನನ್ನ ಕೈಗೆ ಸಿಕ್ಕಿತು. ಯಾರೋ ತಮ್ಮ ಕಷ್ಟವೆಲ್ಲ ತೊಲಗಲಿ ಎಂದು ಬಿಟ್ಟುಹೋದ ಹಸಿರು ಪಾಲಿಯೆಸ್ಟರ್ ಸೀರೆ ಹಿಡಿದುಕೊಂಡು ನಾನು ದಂಡೆಗೆ ಬಂದೆ. ಹತ್ತಿಯದಾಗಿದ್ದರೆ ಹರಿಯುತ್ತಿತ್ತೇನೋ. ಪಾಲಿಯೆಸ್ಟರಿಗೆ ಅಷ್ಟು ಶಾಪ ಹಾಕಿದವಳು ಅಂದಿನಿಂದ ಆ ವಿಷಯದಲ್ಲಿ ಬಾಯಿ ಬಿಗಿಹಿಡಿದಿದ್ದೇನೆ.

ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ಈಜು ಕಲಿಯುತ್ತೇನೆಂದು ತೀರ್ಮಾನ ಮಾಡಿದೆ. ನಮ್ಮೂರ ಈಜುಕೊಳದಲ್ಲಿ ಹೆಂಗಸರ ಬ್ಯಾಚು ಭಾನುವಾರವೂ ಸೇರಿ ದಿನಾ ಬೆಳಿಗ್ಗೆ ಹತ್ತು ಗಂಟೆಗೆ. ಆಗ ನನಗೆ ಶಾಲೆ. ಶನಿವಾರ ಬೆಳಿಗ್ಗೆಯೂ ಶಾಲೆ. ಉಳಿದದ್ದು ಭಾನುವಾರ ಬೆಳಿಗ್ಗೆ ಒಂದೇ. "ಹೊಳೆಯ ಕೆಲಸಕ್ಕೆ ಅನುಕೂಲವಾಗಲೆಂದು ಹೊಳೆಯ ಕೆಲಸ ಸ್ವಲ್ಪ ದಿನ ಬಿಡುತ್ತೇನೆ" ಎಂದು ನಮ್ಮವರಿಗೆ ವಿವರಿಸಿದೆ. ಅವರು ಮಂಡಕ್ಕಿಗೆ ಖಾರ ಕಲೆಸುತ್ತ, "ಭಾಳ ಚಲೋ ಆತು" ಎಂದಷ್ಟೇ ಅಂದರು.

ಕಲಿಸುವವಳು ರೇಷ್ಮಾ ಎಂಬ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. ಮೊದಲ ವಾರಗಳಲ್ಲಿ ನಾನು ಅವಳಿಗೆ ಕೊಟ್ಟ ತಾಪತ್ರಯ ಅಷ್ಟಿಷ್ಟಲ್ಲ. ನೀರಿಗಿಳಿದರೆ ಸಾಕು, ನನ್ನ ಕೈ ತಾನಾಗಿಯೇ ತೇಲುವ ಎಲೆ, ಕೂದಲ ಉಂಡೆ, ಹೇರ್ ಬ್ಯಾಂಡುಗಳನ್ನು ಹಿಡಿಯಲು ಹೋಗುತ್ತಿತ್ತು. "ಮೇಡಂ, ಅದನ್ನ ತೆಗಿಯಾಕೆ ಬೇರೆಯವರು ಅದಾರ. ನೀವು ಸುಮ್ನೆ ಮಲಗ್ರಿ" ಎನ್ನುತ್ತಿದ್ದಳು. ಬೆನ್ನ ಮೇಲೆ ಮಲಗಿ ತೇಲುವುದೇ ಮೊದಲ ಪಾಠ. ಕೈಕಾಲು ಸಡಿಲ ಬಿಟ್ಟು ಮೇಲೆ ನೋಡಬೇಕು, ಏನೂ ಮಾಡಬಾರದು. ಏನೂ ಮಾಡದೆ ಇರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಮಲಗಿದ ತಕ್ಷಣ ಗ್ಯಾಸು ಆರಿಸಿದೆನೋ ಇಲ್ಲವೋ ನೆನಪಾಗುತ್ತಿತ್ತು, ಅಲ್ಲಿಂದ ಒಂಬತ್ತನೇ ಕ್ಲಾಸಿನ ಉತ್ತರಪತ್ರಿಕೆ, ಅಲ್ಲಿಂದ ಎಲ್ಲೋ ನಡೆಯುತ್ತಿರುವ ಯುದ್ಧ. ಯುದ್ಧದ ಹೊತ್ತಿಗೆ ಸೊಂಟ ಮುಳುಗಿ ಮೂಗಿನೊಳಗೆ ನೀರು ಹೋಗಿರುತ್ತಿತ್ತು.

ಹೇಗೆ ಬಂತೋ ಗೊತ್ತಿಲ್ಲ, ಒಂದು ಭಾನುವಾರ ಬಂತು. ರೇಷ್ಮಾಳ ಕೈ ಬೆನ್ನ ಕೆಳಗೆ ಇದೆಯೆಂದೇ ತಿಳಿದಿದ್ದೆ. ಆಮೇಲೆ ನೋಡಿದರೆ ಅವಳು ದೂರದಲ್ಲಿ ಸೊಂಟಕ್ಕೆ ಕೈಯಿಟ್ಟು ನಗುತ್ತ ನಿಂತಿದ್ದಳು. ಕಿವಿ ನೀರಿನೊಳಗಿತ್ತು, ಲೋಕದ ಒಂದು ಸದ್ದೂ ಕೇಳುತ್ತಿರಲಿಲ್ಲ. ಮೇಲೆ ಒಂದು ಹದ್ದು ಸುತ್ತುತ್ತಿತ್ತು. ಆ ಹೊತ್ತಿನಲ್ಲಿ ನಾನು ಯಾರ ಟೀಚರೂ ಅಲ್ಲ, ಯಾವ ಹೊಳೆಯ ಉಸ್ತುವಾರಿಯೂ ನನಗಿರಲಿಲ್ಲ. ಖುಷಿಯಾಯಿತು. ಅದಕ್ಕೆ ಬೇರೆ ದೊಡ್ಡ ಪದ ಹುಡುಕುವುದಿಲ್ಲ. ಮೆಟ್ಟಿಲ ಮೇಲೆ ಕೂತು ಬಟ್ಟೆ ಕಾಯುತ್ತಿದ್ದ ಹುಡುಗಿಗೆ ಆಗಬೇಕಾಗಿದ್ದ ಖುಷಿ ತಡವಾಗಿ ನನಗಾಯಿತು. ಹೊಳೆಯ ಕೆಲಸಕ್ಕೆ ಈಜು ಬೇಕೆಂದು ನಾನು ಹೇಳಿಕೊಂಡು ತಿರುಗುತ್ತಿದ್ದದ್ದು ಅರ್ಧ ಮಾತ್ರ ನಿಜವೆಂದು ಆಗಲೇ ಗೊತ್ತಾಯಿತು. ಮಂಡಿನೋವಿನಷ್ಟು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ನೀಲಾಳಿಗೆ ಇದು ನನಗಿಂತ ಮೊದಲೇ ಗೊತ್ತಾಗಿತ್ತು. ಪ್ರತಿ ಶನಿವಾರ ಸಂಜೆ "ನಾಳೆ ಬರ್ತೀಯಾ?" ಎಂದು ಫೋನು ಮಾಡುವಳು. ನಾನು "ಇನ್ನೊಂದೆರಡು ವಾರ" ಎನ್ನುವೆ. ಒಂದು ಸಂಜೆ ಫೋನು ಬಿಟ್ಟು ಮನೆಗೇ ಬಂದಳು. ನಾನು ಚಹಾಕ್ಕೆ ಇಟ್ಟೆ. ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು, ಕೂತುಕೊಳ್ಳಲಿಲ್ಲ.

"ತೇಲಾದು ಬಂತಂತಲ್ಲ. ಇನ್ನೇನೈತೆ ಕಲಿಯಾದು?"

"ಇನ್ನೂ ಕೈ ಹೊಡಿಯೋದು ಬಂದಿಲ್ಲ ಕಣೆ."

"ಅಲ್ಲಿ ಬರೋ ಜನ ವಾರ ವಾರ ಕಮ್ಮಿ ಆಗ್ತಾ ಅದಾರ. ಹೊಳಿ ಬಟ್ಟಿ ತುಂಬ್ಕಂಡು ಕುಂತೈತೆ. ನೀನು ಇಲ್ಲಿ ಟೈಲ್ಸ್ ಹಾಕಿರೋ ನೀರಾಗ ಆಟ ಆಡ್ತೀಯ."

"ಅವತ್ತು ನಾನು ಸಾಯ್ತಿದ್ದೆ ನೀಲಾ. ಕಲಿಯೋದು ತಪ್ಪಾ?"

"ನಿನಗ ನೀರು ಬೇಕು ಸುಮಿ. ಹೊಳೆ ಬ್ಯಾಡ."

ಮಾತು ನೆಟ್ಟಗೆ ಎದೆಗೆ ಬಂದು ಬಡಿಯಿತು. ನನಗೂ ಸಿಟ್ಟು ಬಂತು. "ಹೊಳೆ ಹೊಳೆ ಅಂತ ಊರೆಲ್ಲ ಹೊತ್ಕೊಂಡು ತಿರುಗ್ತೀಯಲ್ಲ, ನಿನಗೆ ಅಂತ ಏನಾದ್ರೂ ಬೇಕು ಅಂತ ಯಾವತ್ತಾದ್ರೂ ಅನ್ನಿಸೈತಾ?" ಎಂದುಬಿಟ್ಟೆ. ಅವಳು ನನ್ನನ್ನು ನೋಡಿದಳು, ಬ್ಯಾಗು ತೆಗೆದುಕೊಂಡಳು, ಹೋದಳು. ಲೋಟಕ್ಕೆ ಬಗ್ಗಿಸಿದ್ದ ಚಹಾ ಹಾಗೇ ಉಳಿಯಿತು. ಲಂಗ ಹಾಕುತ್ತಿದ್ದ ಕಾಲದಿಂದ ಬಂದ ಗೆಳೆತನದಲ್ಲಿ ಅವಳು ನನ್ನ ಮನೆಯಿಂದ ಏನೂ ಬಾಯಿಗೆ ಹಾಕದೆ ಹೋದದ್ದು ಅದೇ ಮೊದಲು.

ಆಮೇಲೆ ಶನಿವಾರದ ಫೋನು ನಿಂತಿತು. ನಾನು ಈಜಲು ಹೋದೆ, ಮುಳುಗಿದೆ. ಬಂದ ತೇಲಾಟವೂ ಕೈಬಿಟ್ಟಿತು. ಮಲಗಿದರೆ ಹದ್ದಿನ ಜಾಗದಲ್ಲಿ ನೀಲಾಳ ಮುಖ ಕಾಣುತ್ತಿತ್ತು. ಹೊಳೆಗೆ ಹೋಗಲು ಮುಖವಿಲ್ಲ, ಕೊಳದಲ್ಲಿ ಮನಸ್ಸಿಲ್ಲ. "ಎಲ್ಲೂ ಇಲ್ದಂಗಾದೆ ನೋಡು" ಎಂದರು ನಮ್ಮವರು, ತಮಾಷೆಗಲ್ಲ, ಬೇಜಾರಿನಿಂದಲೇ. ಅವಳು ಹೇಳಿದ್ದು ಸರಿಯೆಂದು ಒಂದು ದಿನ, ನಾನು ಹೇಳಿದ್ದು ಸರಿಯೆಂದು ಇನ್ನೊಂದು ದಿನ ಅನ್ನಿಸುತ್ತಿತ್ತು. ಎರಡೂ ದಿನ ಅಳು ಬರುತ್ತಿತ್ತು.

ಕೊನೆಗೊಂದು ಭಾನುವಾರ ನಾನು ಹರಿಹರಕ್ಕೆ ಹೋದೆ. ಮನಸ್ಸು ಗಟ್ಟಿ ಮಾಡಿ ಹೋದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ಕೊಳದ ನೀರು ಬದಲಿಸಲು ಆ ದಿನ ರಜೆ ಕೊಟ್ಟಿದ್ದರು, ಅದಕ್ಕೇ ಹೋದೆ.

ಮದುವೆಯ ಸೀಸನ್ನು, ಬೇರೆ ಯಾರೂ ಬಂದಿರಲಿಲ್ಲ. ನೀಲಾ ಒಬ್ಬಳೇ ಚೂಡಿದಾರದ ಪ್ಯಾಂಟು ಮಡಚಿ ನೀರಿನಲ್ಲಿ ನಿಂತು ಕೊಕ್ಕೆಯಿಂದ ಎಳೆಯುತ್ತಿದ್ದಳು. ನನ್ನನ್ನು ನೋಡಿ ಮತ್ತೆ ಕೊಕ್ಕೆ ಹಾಕಿದಳು. ನಾನೂ ಇಳಿದೆ. ಇಬ್ಬರೂ ಒಂದೇ ಸೀರೆಯ ಎರಡು ತುದಿ ಹಿಡಿದು ಹಿಂಡುತ್ತಿದ್ದೆವು, ಆದರೆ ಮಾತಿಲ್ಲ. ಆಗ ನಾನು ಅದುವರೆಗೆ ನೋಡದ ಒಂದನ್ನು ನೋಡಿದೆ. ನೀಲಾ ಎಲ್ಲಿಗೆ ಹೋದರೂ ಅವಳ ಎಡಗೈ ಒಂದು ಬಂಡೆ ಹಿಡಿದೇ ಇರುತ್ತಿತ್ತು. ಒಂದನ್ನು ಬಿಡುವ ಮೊದಲು ಮುಂದಿನದನ್ನು ಹಿಡಿಯುತ್ತಿದ್ದಳು. ಹೆಗಲು ಕಿವಿಯ ಹತ್ತಿರ ಬಂದು ಬಿಗಿದುಕೊಂಡಿತ್ತು. ಕೊಳಕ್ಕೆ ಮೊದಲ ದಿನ ಬರುವ ಹೆಂಗಸರ ಹೆಗಲು ಹೀಗೇ ಇರುತ್ತದೆ, ನನ್ನದೂ ಹಾಗೇ ಇತ್ತು.

"ನೀಲಾ, ನಿನಗೆ ನೀರಂದ್ರೆ ಹೆದರಿಕೆನಾ?"

ಅವಳು ಕೊಕ್ಕೆಗೆ ಸಿಕ್ಕಿದ್ದ ದಾರ ಬಿಡಿಸತೊಡಗಿದಳು. ತಲೆ ಎತ್ತದೆ ಹೇಳಿದಳು.

"ಅವತ್ತು ನೀನು ಮುಳುಗಿದಾಗ ನಾನು ಸೀರಿ ಎಸೆದೆ. ಎಲ್ಲಾರೂ ಎಂಥ ಬುದ್ಧಿ ಓಡ್ಸಿದ್ಲು ಅಂದ್ರು. ಬುದ್ಧಿ ಅಲ್ಲ ಸುಮಿ. ಕಾಲು ಬರ್ಲಿಲ್ಲ ನನಗ. ನೀನು ಅಲ್ಲಿ ಹೋಗ್ತಿದ್ದಿ, ನನ್ನ ಕಾಲು ಬರ್ಲಿಲ್ಲ." ದಾರವನ್ನು ಎಳೆದು ಹರಿದಳು. "ಕಲಿಯಾಕ ನೀನು ಹೋದಿ. ಹೋಗಬೇಕಾದಾಕಿ ನಾನಿದ್ದೆ."

ಅವಳ ಸಿಟ್ಟೆಲ್ಲ ನನ್ನ ಮೇಲೆಂದೇ ತಿಳಿದಿದ್ದೆ. ಇಷ್ಟು ಭಾನುವಾರ ಇಷ್ಟು ಹೆದರಿಕೆ ಹೊತ್ತು ಅವಳು ಈ ನೀರಿಗೆ ಇಳಿಯುತ್ತಿದ್ದಳಲ್ಲ. ಕೊಕ್ಕೆಯನ್ನು ಅವಳ ಕೈಯಿಂದ ತೆಗೆದು ದಂಡೆಯ ಮೇಲಿಟ್ಟೆ.

"ಬಾ ಇಲ್ಲಿ. ಸೊಂಟದ ಮಟ್ಟ ಐತೆ, ಸೆಳೆತ ಇಲ್ಲ. ಮಲಗು."

"ಹುಚ್ಚು ಹಿಡಿದೈತಾ ನಿನಗ? ಯಾರಾದ್ರೂ ನೋಡ್ತಾರೆ."

"ನೋಡ್ಲಿ. ತಲೆ ನನ್ನ ಕೈ ಮೇಲಿಡು."

ಬೇಡ ಬೇಡ ಎನ್ನುತ್ತಲೇ ಅವಳು ಹಿಂದಕ್ಕೆ ವಾಲಿದಳು. ಒಂದು ಕೈ ತಲೆಯ ಕೆಳಗೆ, ಇನ್ನೊಂದು ಬೆನ್ನ ಕೆಳಗೆ ಕೊಟ್ಟೆ. ಮೊದಲು ಮೈಯೆಲ್ಲ ಕಟ್ಟಿಗೆಯಾಗಿತ್ತು, ನನ್ನ ತೋಳನ್ನು ಉಗುರು ಊರಿ ಹಿಡಿದಿದ್ದಳು. "ಉಸಿರು ಬಿಡು. ಮೇಲೆ ನೋಡು" ಎಂದೆ. ಮೆಲ್ಲಗೆ ಉಗುರು ಸಡಿಲವಾಯಿತು. ಕಾಲು ತಾನಾಗಿ ಮೇಲೆ ಬಂತು. ಅರ್ಧ ಬಿಳಿಯಾದ ಕೂದಲು ನನ್ನ ಮಣಿಕಟ್ಟಿನ ಸುತ್ತ ಹರಡಿಕೊಂಡಿತು. ಅವಳ ಮುಖದಲ್ಲಿ ಅಂಥ ಒಂದು ಬೆರಗನ್ನು ನಾನು ಮೆಟ್ಟಿಲ ಕಾಲದ ನಂತರ ಕಂಡಿರಲಿಲ್ಲ.

ಅಷ್ಟರಲ್ಲಿ ಮೇಲಿನ ಸ್ನಾನಘಟ್ಟದಲ್ಲಿ ಯಾರೋ ಬಿಟ್ಟ ಒಂದು ಕೆಂಪು ಸೀರೆ ಹರಿವಿನಲ್ಲಿ ಉದ್ದಕ್ಕೆ ಬಿಚ್ಚಿಕೊಳ್ಳುತ್ತ ನಮ್ಮ ಕಡೆ ಬಂತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನೀಲಾ ಕಣ್ಣಂಚಿನಲ್ಲೇ ನೋಡಿಬಿಟ್ಟಳು.

"ಸುಮಿ, ಸೀರಿ! ಹಿಡಿ, ಹಿಡಿ ಅದನ್ನ."

"ಹಿಡಿದ್ರೆ ನಿನ್ನ ಬಿಡಬೇಕಾಗ್ತೈತೆ."

ಅವಳ ಬೆನ್ನು ನನ್ನ ಕೈ ಮೇಲೆ ಒಂದು ಕ್ಷಣ ಮತ್ತೆ ಬಿಗಿಯಿತು. ಸೀರೆ ನಮ್ಮ ಪಕ್ಕದಲ್ಲೇ ಹಾದು, ಬಂಡೆಯೊಂದನ್ನು ಬಳಸಿ, ಮುಂದಿನ ಊರಿನ ಕಡೆ ಹೊರಟಿತು. ಇಬ್ಬರೂ ಅದನ್ನೇ ನೋಡಿದೆವು.

"ಬಿಡಬ್ಯಾಡ" ಎಂದಳು ನೀಲಾ. ಆಮೇಲೆ ಕಣ್ಣು ಮುಚ್ಚಿಕೊಂಡು, "ಹೋಗ್ಲಿ ಅದು" ಎಂದಳು.